ಘಾಟಿಯಲ್ಲಿ ಎಂಜಿನ್ ಬಿಸಿ, ಎಸಿ ಗಾಳಿಯೂ ಬಿಸಿ: ಯಾರ ಮಾತು ಕೇಳಲಿ?

ಪ್ರಶ್ನೆ: ನಮ್ಮದು ಸಿಂಧನೂರು. ಒಂಬತ್ತು ವರ್ಷದ ಸಣ್ಣ ಪೆಟ್ರೋಲ್ ಕಾರು ಇದೆ, 85,000 ಕಿ.ಮೀ. ಓಡಿದೆ. ಮೇ ತಿಂಗಳಲ್ಲಿ ಮನೆಮಂದಿಯೆಲ್ಲ ಧರ್ಮಸ್ಥಳಕ್ಕೆ ಹೋಗಿದ್ದೆವು. ಹೋಗುವಾಗ ಏನೂ ತೊಂದರೆ ಆಗಲಿಲ್ಲ. ವಾಪಸ್ ಬರುವಾಗ ಚಾರ್ಮಾಡಿ ಘಾಟಿಯಲ್ಲಿ ಮೊದಲು ಎಸಿಯಿಂದ ಬಿಸಿ ಗಾಳಿ ಬರತೊಡಗಿತು. ಸ್ವಲ್ಪ ಹೊತ್ತಿಗೆ ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಯಿತು. ಗಾಡಿ ನಿಲ್ಲಿಸಿ, ತಣ್ಣಗಾದ ಮೇಲೆ ಬಂದೆವು. ಊರಲ್ಲೂ ಹೈವೇಯಲ್ಲಿ ಎಸಿ ಚೆನ್ನಾಗಿರುತ್ತದೆ, ಬಜಾರಿನಲ್ಲಿ ನಿಂತರೆ ತಂಪು ಹೋಗುತ್ತದೆ. ಒಬ್ಬ ಮೆಕ್ಯಾನಿಕ್ ಗ್ಯಾಸ್ ತುಂಬಿಸಿದರು, ಪ್ರಯೋಜನ ಆಗಲಿಲ್ಲ. ಇನ್ನೊಬ್ಬರು ಥರ್ಮೋಸ್ಟಾಟ್ ವಾಲ್ವ್ ತೆಗೆದುಬಿಡೋಣ ಅಂತಾರೆ. ಲಾರಿ ಓಡಿಸುವ ನಮ್ಮ ಭಾವ, ರೇಡಿಯೇಟರಿಗೆ ಹಾಕುವ ಕೂಲೆಂಟ್ ಎಲ್ಲ ದುಡ್ಡು ಕೀಳುವ ದಂಧೆ, ನೀರು ಹಾಕು ಸಾಕು ಅಂತಾರೆ. ಮುಂದಿನ ಬೇಸಿಗೆಗೂ ಇದೇ ಗಾಡಿಯಲ್ಲಿ ಹೋಗಬೇಕು. ಏನು ಮಾಡಲಿ?

ಉತ್ತರ: ಸದ್ಯಕ್ಕೆ ವಾಲ್ವ್ ತೆಗೆಸಬೇಡಿ. ಗ್ಯಾಸನ್ನೂ ಮತ್ತೆ ತುಂಬಿಸಬೇಡಿ. ನೀವು ಎರಡು ರೋಗ ಅಂದುಕೊಂಡಿರುವುದು ಬಹುಶಃ ಒಂದೇ ರೋಗ.

ಕಾರಿನ ಮುಂದಿನ ಗ್ರಿಲ್ ಒಳಗೆ ಇಣುಕಿ ನೋಡಿ. ಮೊದಲು ಕಾಣುವ ತೆಳ್ಳನೆಯ ಜಾಲರಿ ಎಸಿಯ ಕಂಡೆನ್ಸರ್. ಅದಕ್ಕೆ ಅಂಟಿಕೊಂಡಂತೆ ಹಿಂದೆ ರೇಡಿಯೇಟರ್. ಅದರ ಹಿಂದೆ ಫ್ಯಾನ್. ಕ್ಯಾಬಿನ್ ಒಳಗಿನ ಸೆಕೆಯನ್ನು ಎಸಿ ಹೊರಗೆ ಹಾಕುವುದು ಕಂಡೆನ್ಸರ್ ಮೂಲಕ. ಎಂಜಿನ್ ತನ್ನ ಬಿಸಿಯನ್ನು ಹೊರಗೆ ಹಾಕುವುದು ರೇಡಿಯೇಟರ್ ಮೂಲಕ. ಎರಡಕ್ಕೂ ಗಾಳಿ ಒಂದೇ. ಅದೂ ಕಂಡೆನ್ಸರಿನಲ್ಲಿ ಒಮ್ಮೆ ಬಿಸಿಯಾಗಿ ಬಂದ ಗಾಳಿಯೇ ರೇಡಿಯೇಟರಿಗೆ ಸಿಗುವುದು. ಒಂದೇ ಬಚ್ಚಲಿನ ಕಿಂಡಿಯಲ್ಲಿ ಎರಡು ಮನೆಯ ನೀರು ಹೋಗಬೇಕು ಅಂದರೆ ಹೇಗಿರುತ್ತದೋ ಹಾಗೆ. ಕಿಂಡಿ ಅರ್ಧ ಕಟ್ಟಿಕೊಂಡರೆ ಎರಡೂ ಮನೆಗೆ ತೊಂದರೆ.

ಈಗ ನೀವೇ ಬರೆದಿರುವುದನ್ನು ನೋಡಿ. ಹೈವೇಯಲ್ಲಿ ತಂಪು, ನಿಂತರೆ ಬಿಸಿ. ಗಾಡಿ 60–80ರಲ್ಲಿ ಓಡುವಾಗ ಎದುರು ಗಾಳಿಯೇ ಸಾಕು, ಫ್ಯಾನ್ ಸತ್ತಿದ್ದರೂ ಗೊತ್ತಾಗುವುದಿಲ್ಲ. ನಿಂತಾಗ ಫ್ಯಾನ್ ಒಂದೇ ಗತಿ. ಇನ್ನು ಘಾಟಿ. ಸಿಂಧನೂರಿನಿಂದ ಧರ್ಮಸ್ಥಳಕ್ಕೆ ಹೋಗುವಾಗ ಚಾರ್ಮಾಡಿ ಇಳಿಜಾರು, ಬರುವಾಗ ಏರು. ಅದಕ್ಕೇ ಹೋಗುವಾಗ ಏನೂ ಆಗಲಿಲ್ಲ. ಪೆಟ್ರೋಲ್ ಸುಟ್ಟು ಬರುವ ಶಕ್ತಿಯಲ್ಲಿ ಗಾಡಿ ಎಳೆಯಲು ಸಿಗುವುದು ಸುಮಾರು ಕಾಲು ಭಾಗ. ಉಳಿದದ್ದು ಹೆಚ್ಚುಕಡಿಮೆ ಎಲ್ಲ ಬಿಸಿಯೇ, ಒಂದಿಷ್ಟು ಸೈಲೆನ್ಸರಿನಲ್ಲಿ, ಒಂದಿಷ್ಟು ರೇಡಿಯೇಟರಿನಲ್ಲಿ ಹೋಗಬೇಕು. ಐದು ಜನ, ಲಗೇಜು, ಎರಡನೇ ಗೇರು, 20–25 ಕಿ.ಮೀ. ವೇಗ, ಜೊತೆಗೆ ಎಸಿ. ಎಂಜಿನ್ ಹೈವೇಗಿಂತ ಜಾಸ್ತಿ ದುಡಿಯುತ್ತಿದೆ, ಎದುರು ಗಾಳಿ ಮಾತ್ರ ಬಜಾರಿನಷ್ಟೇ.

ಇನ್ನೊಂದು ಸುಳಿವನ್ನೂ ನೀವೇ ಕೊಟ್ಟಿದ್ದೀರಿ. ಮೊದಲು ಎಸಿ ಹೋಯಿತು, ಆಮೇಲೆ ಮುಳ್ಳು ಏರಿತು. ಕಂಡೆನ್ಸರಿಗೆ ಗಾಳಿ ಸಾಲದಿದ್ದರೆ ಒಳಗೆ ಗ್ಯಾಸಿನ ಒತ್ತಡ ವಿಪರೀತ ಏರುತ್ತದೆ. ಆಗ ಪ್ರೆಶರ್ ಸ್ವಿಚ್, ಗ್ಯಾಸನ್ನು ಒತ್ತುವ ಕಂಪ್ರೆಸರನ್ನು ಬಂದ್ ಮಾಡುತ್ತದೆ. ಬ್ಲೋವರ್ ತಿರುಗುತ್ತಲೇ ಇರುತ್ತದೆ, ಗಾಳಿ ಮಾತ್ರ ಬಿಸಿ. ಹೆಚ್ಚಿನ ಗಾಡಿಗಳಲ್ಲಿ ಎಂಜಿನ್ ತೀರಾ ಬಿಸಿಯಾದಾಗಲೂ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಎಸಿಯನ್ನು ತಾನೇ ಬಂದ್ ಮಾಡುತ್ತದೆ. ಅದು ಕೆಟ್ಟದ್ದಲ್ಲ, ಎಂಜಿನ್ ಉಳಿಸಲು ಮಾಡಿದ ಏರ್ಪಾಡು. ಅದೇನೇ ಇರಲಿ, ನನ್ನ ಮೊದಲ ಅನುಮಾನ ಫ್ಯಾನಿನ ಮೇಲೆ, ಎರಡನೆಯದು ಜಾಲರಿಯಲ್ಲಿ ತುಂಬಿದ ಕಸದ ಮೇಲೆ.

ಫ್ಯಾನ್ ಪರೀಕ್ಷೆ ನೀವೇ ಮಾಡಬಹುದು. ಗಾಡಿ ಸ್ಟಾರ್ಟ್ ಮಾಡಿ, ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಸ್ವಲ್ಪ ಹೊತ್ತಿನಲ್ಲೇ ಫ್ಯಾನ್ ಶುರುವಾಗಬೇಕು. ಗ್ರಿಲ್ ಮುಂದೆ ನ್ಯೂಸ್‌ಪೇಪರಿನ ಹಾಳೆ ಹಿಡಿಯಿರಿ. ಅದು ಒಳಗೆ ಎಳೆದುಕೊಂಡು ಅಂಟಿ ನಿಲ್ಲಬೇಕು. ಜೋತುಬಿದ್ದರೆ ಗಾಳಿ ಎಳೆಯುತ್ತಿಲ್ಲ ಅಂತ ಅರ್ಥ. ಬಾನೆಟ್ ತೆರೆದು ಕೈ ಹಾಕಲು ಮಾತ್ರ ಹೋಗಬೇಡಿ. ಎಂಜಿನ್ ಆಫ್ ಇದ್ದಾಗಲೂ ಫ್ಯಾನ್ ತಟ್ಟನೆ ತಿರುಗಬಹುದು.

ಎಷ್ಟೋ ಗಾಡಿಗಳ ಫ್ಯಾನಿಗೆ ಎರಡು ಸ್ಪೀಡ್ ಇರುತ್ತದೆ. ನಿಧಾನದ ಸ್ಪೀಡಿಗೆ ಒಂದು ಸಣ್ಣ ರೆಸಿಸ್ಟರ್ ಇರುತ್ತದೆ, ಅದು ಸುಟ್ಟುಹೋಗುವುದು ಮಾಮೂಲು. ಆಗ ಎಂಜಿನ್ ಚೆನ್ನಾಗಿ ಕಾಯುವವರೆಗೂ ಫ್ಯಾನ್ ಸುಮ್ನೆ ಇರುತ್ತದೆ, ಆಮೇಲೆ ಒಮ್ಮೆಲೇ ಜೋರಾಗಿ ಹೊಡೆಯುತ್ತದೆ. ನೋಡಿದವರು ಫ್ಯಾನ್ ಓಕೆ ಅಂದುಬಿಡುತ್ತಾರೆ. ಒಂಬತ್ತು ವರ್ಷದ ಮೋಟಾರಿನಲ್ಲಿ ಬ್ರಷ್ ಸವೆದು, ತಿರುಗಿದರೂ ಕಸುವಿಲ್ಲದೆ ತಿರುಗುವುದೂ ಉಂಟು. ಕೆಲವರು ವೈರ್ ಎಳೆದು ಕೀ ಹಾಕಿದ ಕೂಡಲೇ ಫ್ಯಾನ್ ಓಡುವಂತೆ ಡೈರೆಕ್ಟ್ ಮಾಡಿಕೊಡುತ್ತಾರೆ. ಮಾಡಿಸಬೇಡಿ. ರಿಲೇ, ಫ್ಯೂಸು ಇಲ್ಲದ ವೈರು ಬಿಸಿಯಾಗುತ್ತದೆ, ಮೋಟಾರೂ ಬೇಗ ಹೋಗುತ್ತದೆ. ಕೆಟ್ಟ ರೆಸಿಸ್ಟರೋ ರಿಲೇಯೋ ಬದಲಾಯಿಸಿದರೆ ಮುಗಿಯುವ ಕೆಲಸ ಅದು.

ಇನ್ನೊಂದು ಪರೀಕ್ಷೆ ಹಳೇ ಎಸಿ ಮೆಕ್ಯಾನಿಕ್‌ಗಳದ್ದು. ಮುಳ್ಳು ಮಾಮೂಲು ಜಾಗದಲ್ಲಿದ್ದು ಎಸಿ ಮಾತ್ರ ಬಿಸಿಯಾಗಿರುವಾಗ, ನಿಂತ ಗಾಡಿಯ ಗ್ರಿಲ್ ಮೂಲಕ ಕಂಡೆನ್ಸರಿನ ಮೇಲೆ ಒಂದಿಷ್ಟು ನೀರು ಚಿಮುಕಿಸಿ. ಒಂದೆರಡು ನಿಮಿಷದಲ್ಲಿ ಒಳಗೆ ತಂಪು ಬಂದರೆ ಸದ್ಯದ ಕೊರತೆ ಗ್ಯಾಸಿನದ್ದಲ್ಲ, ಕಂಡೆನ್ಸರಿಗೆ ಗಾಳಿ ಸಾಲುತ್ತಿಲ್ಲ.

ನಿಮ್ಮ ಊರಿನ ಕಾರಣಕ್ಕೆ ಕಸದ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಿಂಧನೂರು ಅಂದರೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಕೊಯ್ಲಿನ ದಿನಗಳಲ್ಲಿ ರಸ್ತೆಯಲ್ಲೆಲ್ಲ ಧೂಳು, ರೈಸ್‌ಮಿಲ್ ಹತ್ತಿರ ಹೊಟ್ಟು. ಅದು ಕಂಡೆನ್ಸರಿನ ಸಂದಿಯಲ್ಲಿ ನುಸುಳಿ, ಹಿಂದಿರುವ ರೇಡಿಯೇಟರಿನ ಮುಖಕ್ಕೆ ಕೂರುತ್ತದೆ. ಮೇಲೆ ಮಳೆಗಾಲದ ಕೆಸರು, ಹುಳಹುಪ್ಪಟೆ. ಎರಡರ ನಡುವೆ ಕಂಬಳಿ ಹೊದಿಸಿದಷ್ಟು ದಪ್ಪ ಪದರ ಕೂತಿದ್ದರೂ ಮುಂದಿನಿಂದ ನೋಡಿದರೆ ಜಾಲರಿ ಚೊಕ್ಕವಾಗಿಯೇ ಕಾಣುತ್ತದೆ. ವಾಟರ್ ಸರ್ವಿಸ್‌ನಲ್ಲಿ ಮುಂದಿನಿಂದ ಜೋರಾಗಿ ನೀರು ಹೊಡೆದರೆ ಕಸ ಇನ್ನೂ ಒಳಗೆ ಹೋಗುತ್ತದೆ, ತೆಳ್ಳಗಿನ ರೆಕ್ಕೆಗಳೂ ಮಡಚಿಕೊಳ್ಳುತ್ತವೆ. ಫ್ಯಾನ್ ಬಿಚ್ಚಿಸಿ, ಎಂಜಿನ್ ಕಡೆಯಿಂದ ಮುಂದಕ್ಕೆ, ಗಾರ್ಡನ್ ಪೈಪಿನ ಸಾಧಾರಣ ನೀರಿನಲ್ಲಿ ತೊಳೆಸಿ. ಕಸ ಜಾಸ್ತಿ ಇದ್ದರೆ ಕಂಡೆನ್ಸರ್, ರೇಡಿಯೇಟರ್ ಎರಡನ್ನೂ ಸ್ವಲ್ಪ ಬೇರ್ಪಡಿಸಿ ತೊಳೆಯಬೇಕಾಗುತ್ತದೆ. ಅರ್ಧ ದಿನದ ಕೆಲಸ. ಎಷ್ಟೋ ಗಾಡಿಗಳ ಎಸಿ ಇಷ್ಟರಲ್ಲೇ ಸರಿಹೋಗುತ್ತದೆ.

ಕೊಯ್ಲಿನ ಮಾತು ಬಂದಿದ್ದಕ್ಕೆ ಒಂದು ಎಚ್ಚರಿಕೆ. ಒಕ್ಕಣೆಗೆ ಅಂತ ರಸ್ತೆ ಮೇಲೆ ಹರಡಿದ ಹುರುಳಿ, ತೊಗರಿ, ಹುಲ್ಲಿನ ಮೇಲೆ ಗಾಡಿ ಹತ್ತಿಸಬೇಡಿ. ಅದು ಕೆಳಗೆ ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಾಗಿದರೆ ಬೆಂಕಿಯೇ ಹೊತ್ತಿಕೊಳ್ಳುತ್ತದೆ. ಹತ್ತಿಸಲೇಬೇಕಾಗಿ ಬಂದರೆ ದಾಟಿದ ಮೇಲೆ ಇಳಿದು ಕೆಳಗೆ ನೋಡಿ. ಹಾಗೆಯೇ ಗ್ರಿಲ್‌ಗೆ ಕಟ್ಟಿದ ಸೊಳ್ಳೆ ಬಲೆ, ಅಡ್ಡ ಹಾಕಿದ ದೊಡ್ಡ ಲೈಟು, ಬುಲ್ ಗಾರ್ಡ್ ಇದ್ದರೆ ತೆಗೆಸಿ. ಗಾಳಿಗೆ ಅಡ್ಡ ಅನ್ನುವುದು ಒಂದು, ಬುಲ್ ಗಾರ್ಡ್‌ಗಳ ವಿರುದ್ಧ ಕ್ರಮಕ್ಕೆ 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಇಲಾಖೆ ರಾಜ್ಯಗಳಿಗೆ ಬರೆದಿದೆ ಅನ್ನುವುದು ಇನ್ನೊಂದು.

ಈಗ ಮೂವರು ಸಲಹೆಗಾರರ ವಿಷಯಕ್ಕೆ ಬರೋಣ.

ಗ್ಯಾಸ್ ತುಂಬಿಸಿದವರು. ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತು ಅಲ್ಲ. ಅದು ಸುತ್ತು ಹೊಡೆಯುತ್ತಲೇ ಇರುತ್ತದೆ. ಹಳೇ ಗಾಡಿಯಲ್ಲಿ ಪೈಪು, ಸೀಲುಗಳಿಂದ ವರ್ಷಗಳಲ್ಲಿ ಒಂದಿಷ್ಟು ಸೋರುತ್ತದೆ, ನಿಜ. ಆದರೆ ಪ್ರತಿ ಬೇಸಿಗೆಗೂ ತುಂಬಿಸಬೇಕಾದರೆ ಎಲ್ಲೋ ಲೀಕ್ ಇದೆ ಅಂತಲೇ, ಅದನ್ನು ಹುಡುಕದೆ ತುಂಬುವುದು ದಂಡ. ನಿಮ್ಮ ಗಾಡಿಯ ವಿಷಯದಲ್ಲಿ ನನಗಿರುವ ಚಿಂತೆ ಬೇರೆ. ಗ್ಯಾಸ್ ಜಾಸ್ತಿ ಆಗಿರಬಹುದು. ಸಣ್ಣ ಕಾರಿಗೆ ಬೇಕಾಗುವುದು ಅರ್ಧ ಕಿಲೋಗೂ ಕಡಿಮೆ. ಎಷ್ಟು ಗ್ರಾಂ ಅಂತ ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲೇ ಬರೆದಿರುತ್ತದೆ. ತೂಕ ನೋಡದೆ ಮೀಟರ್ ನೋಡಿ ಅಂದಾಜಿನಲ್ಲಿ ತುಂಬಿದರೆ ಒತ್ತಡ ಇನ್ನೂ ಏರುತ್ತದೆ, ನಿಂತಾಗ ತಂಪು ಇನ್ನೂ ಕೆಡುತ್ತದೆ, ಎಂಜಿನ್ನಿಗೆ ಭಾರವೂ ಜಾಸ್ತಿ. ಆದ್ದರಿಂದ ಫ್ಯಾನ್ ಮತ್ತು ತೊಳೆಯುವ ಕೆಲಸ ಮುಗಿದ ಮೇಲೆ, ಇರುವ ಗ್ಯಾಸನ್ನು ಮಿಷಿನ್ನಿಗೆ ಎಳೆದುಕೊಂಡು, ಅರ್ಧ ಗಂಟೆ ವ್ಯಾಕ್ಯೂಮ್ ಹಿಡಿದು, ತೂಕ ಮಾಡಿ ತುಂಬುವ ಅಂಗಡಿಗೆ ಹೋಗಿ. ಸಿಂಧನೂರಲ್ಲಿ ಸಿಗದಿದ್ದರೆ ರಾಯಚೂರಿಗೋ ಬಳ್ಳಾರಿಗೋ ಒಂದು ಸಲ ಹೋಗಿಬಂದರೂ ನಷ್ಟವಿಲ್ಲ.

ವಾಲ್ವ್ ತೆಗೆಯುವವರು. ಈ ಸಲಹೆ ನಮ್ಮಲ್ಲಿ ಎಷ್ಟು ವರ್ಷವಾದರೂ ಸಾಯುತ್ತಿಲ್ಲ. ಥರ್ಮೋಸ್ಟಾಟ್ ಸಾಮಾನ್ಯವಾಗಿ 82ರಿಂದ 88 ಡಿಗ್ರಿಯಲ್ಲಿ ತೆರೆಯಲು ಶುರುವಾಗುತ್ತದೆ. ಅಲ್ಲಿಯವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡುವುದಿಲ್ಲ. ಎಂಜಿನ್ ಬೇಗ ಬಿಸಿಯಾಗಲಿ ಅಂತಲೇ ಅದು ಇರುವುದು. ಎಂಜಿನ್ ತಣ್ಣಗಿದ್ದಷ್ಟೂ ಒಳ್ಳೆಯದು ಅನ್ನುವುದು ತಪ್ಪು. ಸುಮಾರು 90 ಡಿಗ್ರಿಯ ಆಸುಪಾಸಿನಲ್ಲೇ ಆಯಿಲ್ ಸರಿಯಾಗಿ ಹರಿಯುವುದು, ಪೆಟ್ರೋಲ್ ಪೂರ್ತಿ ಉರಿಯುವುದು. ವಾಲ್ವ್ ತೆಗೆದರೆ ಎಂಜಿನ್ ಇನ್ನೂ ಕಾದಿಲ್ಲ ಅಂದುಕೊಂಡು ಇಸಿಯು ಪೆಟ್ರೋಲ್ ಜಾಸ್ತಿ ಸುರಿಯುತ್ತಲೇ ಇರುತ್ತದೆ. ಮೈಲೇಜ್ ಬೀಳುತ್ತದೆ, ಚೆಕ್ ಎಂಜಿನ್ ಲೈಟೂ ಬರಬಹುದು. ಕೆಲವು ಎಂಜಿನ್ನುಗಳಲ್ಲಂತೂ ಅದಿಲ್ಲದಿದ್ದರೆ ಕೂಲೆಂಟಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ, ಏರಿನಲ್ಲಿ ಇನ್ನೂ ಬಿಸಿಯಾಗುತ್ತದೆ. ಹಳೇ ವಾಲ್ವ್ ಅರ್ಧಕ್ಕೇ ಸಿಕ್ಕಿಹಾಕಿಕೊಳ್ಳುವುದು ಇದೆ, ಸುಳ್ಳಲ್ಲ. ಅನುಮಾನ ಇದ್ದರೆ ಹೊಸದು ಹಾಕಿಸಿ. ತೆಗೆದು ಖಾಲಿ ಬಿಡಬೇಡಿ.

ಇನ್ನು ನಿಮ್ಮ ಭಾವ. ಅವರ ಮಾತನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬಿಸಿ ಹೊತ್ತೊಯ್ಯುವ ಕೆಲಸದಲ್ಲಿ ಬರೀ ನೀರು ಕೂಲೆಂಟ್ ಮಿಶ್ರಣಕ್ಕಿಂತ ಒಂದು ಕೈ ಮೇಲೇ. ಹಳೇ ಲಾರಿಗಳ ದಪ್ಪ ಎರಕದ ಎಂಜಿನ್, ದೊಡ್ಡ ರೇಡಿಯೇಟರ್, ಬೆಲ್ಟಿನಿಂದ ತಿರುಗುವ ಫ್ಯಾನು, ಕ್ಯಾನಿನಲ್ಲಿ ನೀರು: ಅದು ನಡೆಯುತ್ತಿತ್ತು. ನಿಮ್ಮ ಕಾರಿನಲ್ಲಿ ಎಂಜಿನ್ನಿನ ಮೇಲ್ಭಾಗದ ಹೆಡ್, ರೇಡಿಯೇಟರ್ ಎಲ್ಲ ಅಲ್ಯುಮಿನಿಯಂ, ದಾರಿಗಳು ಸಣ್ಣವು. ನಿಮ್ಮ ಕಡೆಯ ಬೋರ್‌ವೆಲ್ ನೀರು ಪಾತ್ರೆಯ ತಳದಲ್ಲಿ ಬಿಳಿ ಕಟ್ಟುವುದನ್ನು ಮನೆಯಲ್ಲಿ ನೋಡಿಯೇ ಇರುತ್ತೀರಿ, ಅಲ್ವಾ? ಅದೇ ಬಿಳಿ ರೇಡಿಯೇಟರಿನ ಕೊಳವೆಗಳಲ್ಲೂ ಕಟ್ಟುತ್ತದೆ. ತುಕ್ಕು ಬೇರೆ.

ಕುದಿಯುವ ಲೆಕ್ಕವೂ ಇದೆ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಎತ್ತರಕ್ಕೆ ಹೋದಂತೆ ಪ್ರತಿ ಸಾವಿರ ಮೀಟರಿಗೆ ಮೂರು ಡಿಗ್ರಿಗಿಂತ ಸ್ವಲ್ಪ ಜಾಸ್ತಿಯೇ ಇಳಿಯುತ್ತದೆ. ಅಂದರೆ ಘಾಟಿಯ ತುದಿಯಲ್ಲಿ ಸುಮಾರು 97. ರೇಡಿಯೇಟರ್ ಮುಚ್ಚಳ ಒಳಗೆ ಒತ್ತಡ ಹಿಡಿದಿಟ್ಟು ಇದನ್ನು ಮೇಲಕ್ಕೆ ತಳ್ಳುತ್ತದೆ. ಮುಚ್ಚಳದ ಮೇಲೆ 0.9, 1.1 ಅಂತ ಬರೆದಿರುವುದು ಆ ಒತ್ತಡವೇ, ಹೊರಗಿನ ಗಾಳಿಯ ಒತ್ತಡಕ್ಕಿಂತ ಎಷ್ಟು ಬಾರ್ ಹೆಚ್ಚು ಅಂತ. ಒಂದು ಬಾರ್ ಒತ್ತಡದಲ್ಲಿ ನೀರು 120ರ ಹತ್ತಿರ ಕುದಿಯುತ್ತದೆ, ಅರ್ಧಕ್ಕರ್ಧ ಕೂಲೆಂಟ್ ಇದ್ದರೆ 128ರ ಹತ್ತಿರ. ಒಂಬತ್ತು ವರ್ಷದ ಮುಚ್ಚಳದ ರಬ್ಬರ್ ಗಟ್ಟಿಯಾಗಿ ಒತ್ತಡ ನಿಲ್ಲದಿದ್ದರೆ ಈ ಲಾಭವೆಲ್ಲ ಹೋಯಿತು. ಇಡೀ ಗಾಡಿಯಲ್ಲೇ ಅಗ್ಗದ ರಿಪೇರಿ ಇದು, ಕಣ್ಣುಮುಚ್ಚಿ ಬದಲಾಯಿಸಿ.

ಕೂಲೆಂಟ್ ಕೊಳ್ಳುವಾಗ ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ಕೆಂಪು, ನೀಲಿ ಅನ್ನುವುದು ಕಂಪನಿ ಹಾಕಿದ ಬಣ್ಣ ಅಷ್ಟೇ. ಗಾಡಿಯ ಮ್ಯಾನ್ಯುಯಲ್ ಹೇಳಿದ ಬಗೆಯೇ ಇರಲಿ, ಎರಡು ಬಗೆ ಬೆರೆಸಬೇಡಿ. ರೆಡಿ ಮಿಕ್ಸ್ ಆಗಿದ್ದರೆ ನೀರು ಸೇರಿಸಬಾರದು. ಗಟ್ಟಿಯದ್ದಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನೇ ಸೇರಿಸಿ. ಹಳೆಯದನ್ನು ಪೂರ್ತಿ ತೆಗೆದು ಫ್ಲಶ್ ಮಾಡಿಸಿ, ಹೊಸದು ಹಾಕಿದ ಮೇಲೆ ಒಳಗಿನ ಗಾಳಿಗುಳ್ಳೆ ಬಿಡಿಸಲು ಹೇಳಿ. ಗಾಳಿ ಸಿಕ್ಕಿಕೊಂಡರೆ ಎಲ್ಲ ಹೊಸದಾಗಿದ್ದರೂ ಗಾಡಿ ಹೀಟ್ ಆಗುತ್ತದೆ.

ಭಾವನವರಿಗೆ ಒಂದು ಸುದ್ದಿಯನ್ನೂ ಹೇಳಿ. 2025ರ ಅಕ್ಟೋಬರ್ 1ರಿಂದ ತಯಾರಾಗುವ, ಮೂರೂವರೆ ಟನ್ನಿಗಿಂತ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಮಾಡಿದ್ದಾರೆ. 42 ಡಿಗ್ರಿ ಬಿಸಿಲಲ್ಲಿ ಎಂಜಿನ್ ಪಕ್ಕದಲ್ಲೇ ಕೂತು ದಿನಗಟ್ಟಲೆ ಓಡಿಸುವವರಿಗೆ ಇದು ತಡವಾಗಿ ಬಂದ ನ್ಯಾಯ.

ದಾರಿಯಲ್ಲಿ ಮತ್ತೆ ಹಾಗಾದರೆ ಏನು ಮಾಡಬೇಕು ಅನ್ನುವುದು ಗೊತ್ತಿರಲಿ. ಮುಳ್ಳು ಮಾಮೂಲು ಜಾಗ ಬಿಟ್ಟು ಏರುತ್ತಿದ್ದಂತೆ ಎಸಿ ಬಂದ್ ಮಾಡಿ, ಕಿಟಕಿ ಇಳಿಸಿ, ಹೀಟರ್ ಫುಲ್ ಹಾಕಿ, ಬ್ಲೋವರ್ ಜೋರು ಮಾಡಿ. ಬೆವರು ಕಿತ್ತುಬರುತ್ತದೆ, ಮಕ್ಕಳು ಬೈಯುತ್ತಾರೆ. ಆದರೆ ಹೀಟರ್ ಒಳಗೆ ಇರುವುದೂ ಒಂದು ಪುಟ್ಟ ರೇಡಿಯೇಟರೇ, ಎಂಜಿನ್ನಿನ ಬಿಸಿಯನ್ನು ಅಷ್ಟರಮಟ್ಟಿಗೆ ಎಳೆಯುತ್ತದೆ. ಮೇಲಿನ ಗೇರಿನಲ್ಲಿ ಎಂಜಿನ್ ಮುಕ್ಕುವಂತೆ ಎಳೆಸಬೇಡಿ. ಒಂದು ಗೇರ್ ಇಳಿಸಿದರೆ ಎಂಜಿನ್ ಹಗುರವಾಗಿ ತಿರುಗುತ್ತದೆ, ವಾಟರ್ ಪಂಪೂ ಜೋರಾಗಿ ತಿರುಗುತ್ತದೆ. ಮುಂದಿನ ಲಾರಿಯ ಬಾಲ ಹಿಡಿಯಬೇಡಿ, ಅದರ ಬಿಸಿ ಹೊಗೆಯೇ ನಿಮ್ಮ ರೇಡಿಯೇಟರಿಗೆ ಬರುತ್ತದೆ.

ಅಷ್ಟಾದರೂ ಮುಳ್ಳು ಏರಿದರೆ ತಿರುವಿನಲ್ಲಲ್ಲ, ಅಗಲ ಇರುವ ಕಡೆ ನಿಲ್ಲಿಸಿ. ಹಬೆ ಇಲ್ಲ, ಮುಳ್ಳು ಇನ್ನೂ ಕೆಂಪಿಗೆ ಮುಟ್ಟಿಲ್ಲ, ಫ್ಯಾನ್ ತಿರುಗುತ್ತಿದೆ ಅಂದರೆ ಒಂದೆರಡು ನಿಮಿಷ ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲಿ, ಕೂಲೆಂಟ್ ಸುತ್ತುತ್ತಾ ತಣಿಯುತ್ತದೆ. ಹಬೆ ಬಂದರೆ, ಕೆಂಪು ಮುಟ್ಟಿದರೆ, ಕೂಲೆಂಟ್ ಸೋರಿದರೆ ಆ ಕ್ಷಣವೇ ಆಫ್. ಹಬೆ ಬರುವಾಗ ಬಾನೆಟ್ ಎತ್ತಬೇಡಿ. ಮುಚ್ಚಳವನ್ನಂತೂ ಮುಟ್ಟಲೇಬೇಡಿ, ನೂರು ಡಿಗ್ರಿ ದಾಟಿದ ನೀರು ಮುಖಕ್ಕೆ ಚಿಮ್ಮುತ್ತದೆ. ಮುಕ್ಕಾಲು ಗಂಟೆಯಾದರೂ ಕಾಯಿರಿ. ಮೇಲಿನ ಹೋಸ್ ಪೈಪನ್ನು ಕೈಯಲ್ಲಿ ಹಿಡಿಯುವಷ್ಟು ತಣ್ಣಗಾದ ಮೇಲೆ ಬಟ್ಟೆ ಸುತ್ತಿ ನಿಧಾನಕ್ಕೆ ತೆಗೆಯಿರಿ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಲೋಹ ಬಿರುಕು ಬಿಡಬಹುದು. ಆಗ ಕೈಗೆ ಸಿಕ್ಕ ನೀರನ್ನೇ ಒಳಗೆ ತುಂಬಿದರೂ ಪರವಾಗಿಲ್ಲ, ಊರಿಗೆ ಬಂದು ಫ್ಲಶ್ ಮಾಡಿಸಿದರಾಯಿತು. ಚಕ್ರಕ್ಕೆ ಕಲ್ಲು ಕೊಟ್ಟಿದ್ದರೆ ಹೊರಡುವಾಗ ಎತ್ತಿ ಪಕ್ಕಕ್ಕೆ ಹಾಕಿ, ದಯವಿಟ್ಟು. ನಮ್ಮ ಘಾಟಿಗಳಲ್ಲಿ ರಾತ್ರಿ ಬೈಕಿನವರು ಆ ಕಲ್ಲಿಗೇ ಬೀಳುವುದು.

ಕ್ಯಾಬಿನ್ ಬಗ್ಗೆ ಚುಟುಕಾಗಿ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಹೊರಗಿಗಿಂತ ಇಪ್ಪತ್ತು ಡಿಗ್ರಿ ಜಾಸ್ತಿ ಆಗುವುದು ಸಾಮಾನ್ಯ, ಅದರಲ್ಲಿ ಬಹುಪಾಲು ಏರುವುದು ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿ ಒಂದಿಂಚು ಇಳಿಸಿದರೆ ದೊಡ್ಡ ವ್ಯತ್ಯಾಸ ಆಗದು. ಆದ್ದರಿಂದ ಐದು ನಿಮಿಷದ ಕೆಲಸ ಅಂತಲೂ ಮಗುವನ್ನೋ ವಯಸ್ಸಾದವರನ್ನೋ ಒಳಗೆ ಬಿಟ್ಟು ಹೋಗಬೇಡಿ. ಹೊರಡುವಾಗ ಮೊದಲು ಕಿಟಕಿ ಇಳಿಸಿ ಒಂದಿಷ್ಟು ದೂರ ಓಡಿಸಿ, ಕಾದ ಗಾಳಿ ಹೋಗಲಿ. ಆಮೇಲೆ ಮುಚ್ಚಿ, ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಒತ್ತಿ. ದೂರದ ದಾರಿಯಲ್ಲಿ ಆಗಾಗ ಹೊರಗಿನ ಗಾಳಿಗೆ ಬದಲಾಯಿಸಿ. ಐದು ಜನ ಉಸಿರಾಡಿದ ಗಾಳಿ ಅಲ್ಲೇ ಸುತ್ತಿದರೆ ಡ್ರೈವರಿಗೆ ತೂಕಡಿಕೆ ಬರುತ್ತದೆ. ಸಾಮಾನ್ಯವಾಗಿ ಗ್ಲವ್ ಬಾಕ್ಸ್ ಹಿಂದೆ ಕ್ಯಾಬಿನ್ ಫಿಲ್ಟರ್ ಇರುತ್ತದೆ, ನಿಮ್ಮ ಧೂಳಿನಲ್ಲಿ ಅದನ್ನು ಪ್ರತಿ ಸರ್ವಿಸಿಗೂ ತೆಗೆದು ನೋಡಿ. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವ ಆಸೆ ಇದ್ದರೆ ಬಿಡಿ. 2012ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿದೆ. ನಿಯಮದ ಪ್ರಕಾರ ಮುಂದಿನ, ಹಿಂದಿನ ಗಾಜಿನಲ್ಲಿ ಶೇ. 70, ಪಕ್ಕದ ಗಾಜಿನಲ್ಲಿ ಶೇ. 50 ಬೆಳಕು ಹಾಯಬೇಕು. ವಿಂಡ್‌ಶೀಲ್ಡ್‌ಗೆ ಒಂದು ಬೆಳ್ಳಿ ಬಣ್ಣದ ಮರೆ ಸಾಕು. ಎಸಿ ಹಾಕಿಕೊಂಡು, ಗಾಜು ಮುಚ್ಚಿ, ನಿಂತ ಗಾಡಿಯಲ್ಲಿ ನಿದ್ದೆ ಮಾಡುವ ಅಭ್ಯಾಸ ಯಾರಿಗಾದರೂ ಇದ್ದರೆ ಇವತ್ತೇ ನಿಲ್ಲಿಸಿ. ಸೈಲೆನ್ಸರಿನ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಒಳಗೆ ಸೇರಿದರೆ ಎಚ್ಚರವೂ ಆಗುವುದಿಲ್ಲ.

ಇಷ್ಟಕ್ಕೆಲ್ಲ ಖರ್ಚು ಮಾಡುವ ಮೊದಲು ಒಂದು ನೋಡಿಸಿ. ಮೇ ತಿಂಗಳ ಆ ಬಿಸಿಗೆ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಅದರ ಕೆಳಗಿನ ಎಂಜಿನ್ ಭಾಗದ ನಡುವಿನ ಸೀಲು) ಏಟು ತಿಂದಿದೆಯೇ ಅಂತ. ಎಂಜಿನ್ ಓಡುವಾಗ ಕೂಲೆಂಟ್ ಡಬ್ಬಿಯಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದೆಯೇ? ಆಯಿಲ್ ಮುಚ್ಚಳದ ಒಳಗೆ ಹಾಲು ಚಹಾದ ಬಣ್ಣದ ಜಿಡ್ಡು ಇದೆಯೇ? ಹೊರಗೆ ಸೋರದೆಯೇ ಕೂಲೆಂಟ್ ಕಡಿಮೆ ಆಗುತ್ತಿದೆಯೇ? ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲುತ್ತಿಲ್ಲವೇ? ಇದರಲ್ಲಿ ಒಂದಕ್ಕೆ ಹೌದು ಅಂದರೂ ಹೆಡ್ ಇಳಿಸಿ ನೋಡುವ ಮಾತು ಬರಬಹುದು, ಫ್ಯಾನು ಎಸಿ ಎಲ್ಲ ಆಮೇಲೆ. ನೀವು ಬೇಗ ನಿಲ್ಲಿಸಿದ್ದೀರಿ, ಆಮೇಲೆ ಮನೆಯವರೆಗೂ ತೊಂದರೆ ಇಲ್ಲದೆ ಬಂದಿದ್ದೀರಿ. ಆದ್ದರಿಂದ ಆಗಿರಲಾರದು ಅಂತ ನನ್ನ ಅಂದಾಜು.

ರಿಪೇರಿ ಆದ ಮೇಲೆ ಪರೀಕ್ಷೆಗೆ ಘಾಟಿಯೇ ಬೇಕಿಲ್ಲ, ಸಿಂಧನೂರಿನ ಬಿಸಿಲೇ ಸಾಕು. ಮಧ್ಯಾಹ್ನ ಎರಡು ಗಂಟೆಗೆ ಬಯಲಿನಲ್ಲಿ ನಿಲ್ಲಿಸಿ, ಎಸಿ ಫುಲ್ ಹಾಕಿ, ಇಪ್ಪತ್ತು ನಿಮಿಷ ಎಂಜಿನ್ ಓಡಿಸಿ. ಎಸಿ ಕಿಂಡಿಯಲ್ಲಿ ಒಂದು ಥರ್ಮಾಮೀಟರ್ ಇಡಿ. ಮುಳ್ಳು ಅಲುಗದೆ ನಿಂತು, ಕಿಂಡಿಯ ಗಾಳಿ ಹೊರಗಿಗಿಂತ ಇಪ್ಪತ್ತು ಡಿಗ್ರಿ ತಣ್ಣಗೇ ಉಳಿದರೆ ಗಾಡಿ ಧರ್ಮಸ್ಥಳಕ್ಕೆ ಹೋಗಿ ಬರಲು ತಯಾರು. ಬರುವಾಗ ಬೆಳಿಗ್ಗೆ ಬೇಗ ಘಾಟಿ ಹತ್ತಿ, ಕೊಟ್ಟಿಗೆಹಾರದಲ್ಲಿ ತಿಂಡಿ ಮಾಡಿ.